ನಾಲ್ವರು ಹೊತ್ತ ಹಾಸಿಗೆ
ಕ್ಯಾನ್ಸರ್ ರೋಗವು ಬಂದ ಮನೆಯವರಿಗೆ ಒಂದು ಪಾಠ

ಓದತಕ್ಕ ವೇದಭಾಗಗಳು: ಮಾರ್ಕ 2ನೇ ಅಧ್ಯಾಯ 1ರಿಂದ 12, 2 ಅರಸುಗಳು 20ನೇ ಅಧ್ಯಾಯ 1ರಿಂದ 7.



ಕಪೆರ್ನೌಮೆಂಬ ಊರಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆಯ ಸಹಿತವಾಗಿ ಹೊತ್ತುಕೊಂಡು ಬಂದರು. ಬಾಗಲಲ್ಲಿ ಜನರು ಕಿಕ್ಕಿರಿದಿದ್ದದರಿಂದ ಅವರು ಮಾಳಿಗೆಯನ್ನೇರಿ, ಅದನ್ನು ಬಿಚ್ಚಿ, ಅವನನ್ನು ಯೇಸು ಸ್ವಾಮಿಯ ಮುಂದೆ ಇಳಿಸಿದರು. ಈ ಕಥೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಬಲ್ಲೆವು. ಆದರೆ ಅದರೊಳಗಿನ ಒಂದು ಸಂಗತಿಯನ್ನು ಗಮನಿಸದೆ ಬಿಡುತ್ತೇವೆ. ಸ್ವಾಮಿಯು ಕಂಡದ್ದು ಹೊತ್ತು ತಂದವರ ನಂಬಿಕೆಯನ್ನು. ಆ ರೋಗಿಯು ಒಂದು ಮಾತನ್ನಾದರೂ ಆಡಿದನೆಂದು ಅಲ್ಲಿ ಬರೆದಿಲ್ಲ. ತನ್ನ ಬಾಯಿಂದ ಪ್ರಾರ್ಥಿಸಲಾರದವನನ್ನು ಬೇರೆಯವರ ನಂಬಿಕೆಯು ಹೊರಬಹುದೆಂಬದೇ ಈ ತಿಂಗಳಿನ ಪಾಠವು.

ಕ್ಯಾನ್ಸರೆಂಬ ಹೆಸರು ಒಂದು ಮನೆಯೊಳಗೆ ಬಂತೆಂದರೆ ಆ ಮನೆಯವರೆಲ್ಲರ ಎದೆ ನಡುಗುತ್ತದೆ. ಒಬ್ಬ ತಾಯಿಗೆ ಸ್ತನದಲ್ಲಿ ಗಂಟು ಕಾಣಿಸಿತೆಂದು ಭಾವಿಸಿರಿ. ಆಕೆಗೆ ಗಂಡನೂ ಮೂವರು ಮಕ್ಕಳೂ ಮುಪ್ಪಿನ ಅತ್ತೆಯೂ ಇದ್ದಾರೆ. ಆ ಹಾಸಿಗೆಯ ನಾಲ್ಕು ಮೂಲೆಗಳನ್ನು ಹಿಡಿಯುವವರು ಯಾರು?

1. ಸತ್ಯವು ಹಿಡಿಯತಕ್ಕ ಮೂಲೆ

ಅನೇಕ ಮನೆಗಳಲ್ಲಿ ಮೊದಲು ನಡೆಯುವದು ಮರೆಮಾಚುವಿಕೆಯೇ. ಆಕೆಗೆ ಹೇಳಬೇಡಿರಿ, ಧೈರ್ಯಗೆಟ್ಟಾಳು ಎಂದು ಹಿರಿಯರು ಪಿಸುಗುಟ್ಟುತ್ತಾರೆ. ಆದರೆ ರೋಗಿಯು ಎಲ್ಲರ ಮುಖವನ್ನು ಓದುತ್ತಾಳೆ. ಕೇಳುವದಕ್ಕೂ ಆಗದೆ, ಹೇಳುವದಕ್ಕೂ ಆಗದೆ, ರಾತ್ರಿಯಲ್ಲಿ ಒಬ್ಬಳೇ ಅಳುತ್ತಾಳೆ. ಹೀಗೆ ಮುಚ್ಚಿಡುವದು ಪ್ರೀತಿಯಿಂದ ಹುಟ್ಟಿದ್ದಾದರೂ ಅದು ಆಕೆಯನ್ನು ಒಂಟಿಯಾಗಿ ಮಾಡುತ್ತದೆ. ಆಕೆ ಎಷ್ಟನ್ನು ತಿಳಿಯಬೇಕೆಂದು ಬಯಸುತ್ತಾಳೋ ಅಷ್ಟನ್ನು ಮೃದುವಾಗಿಯೂ ನಿಜವಾಗಿಯೂ ಹೇಳತಕ್ಕದ್ದು.

ಮಕ್ಕಳಿಗೂ ಹೇಳತಕ್ಕದ್ದು. ನಾನು ಮಾತು ಕೇಳದೆ ಹೋದದರಿಂದ ಅವ್ವನಿಗೆ ರೋಗ ಬಂತೆಂದು ಚಿಕ್ಕ ಮಗು ತನ್ನೊಳಗೆ ನೆನಸಿಕೊಳ್ಳುವದುಂಟು. ಆದದರಿಂದ ಅವರವರ ಪ್ರಾಯಕ್ಕೆ ತಕ್ಕಂತೆ ಮೂರು ಸಂಗತಿಗಳನ್ನು ತಿಳಿಸಿರಿ. ಇದು ಯಾರ ತಪ್ಪಿನಿಂದಲೂ ಬಂದದ್ದಲ್ಲ. ಇದು ಮುಟ್ಟಿದರಾಗಲಿ ಒಂದೇ ತಟ್ಟೆಯಲ್ಲಿ ಉಂಡರಾಗಲಿ ಅಂಟುವದಲ್ಲ. ಅವ್ವನು ಆಸ್ಪತ್ರೆಯಲ್ಲಿರುವ ದಿನಗಳಲ್ಲಿ ನಿಮಗೆ ಊಟ ಹಾಕಿ ಶಾಲೆಗೆ ಕಳುಹಿಸುವವರು ಇಂಥವರು. ಗುಣವಾಗುವದು ಖಂಡಿತವೆಂದು ಮಾತ್ರ ಮಾತು ಕೊಡಬೇಡಿರಿ. ಅದು ನಮ್ಮ ಕೈಯಲ್ಲಿರುವದಲ್ಲ. ಹುಟ್ಟು ಕುರುಡನ ವಿಷಯದಲ್ಲಿ ಪಾಪ ಮಾಡಿದವರು ಯಾರೆಂದು ಶಿಷ್ಯರು ಕೇಳಿದಾಗ ಸ್ವಾಮಿಯು ಆ ಪ್ರಶ್ನೆಯನ್ನೇ ತಳ್ಳಿಬಿಟ್ಟನೆಂಬದನ್ನು ನೆನಪಿಗೆ ತನ್ನಿರಿ.

2. ವೈದ್ಯನು ಹಿಡಿಯತಕ್ಕ ಮೂಲೆ

ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಬಿದ್ದು, ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು ಅತ್ತು ಪ್ರಾರ್ಥಿಸಿದನು. ದೇವರು ಅವನ ಕಣ್ಣೀರನ್ನು ನೋಡಿ 15 ವರ್ಷಗಳ ಆಯುಷ್ಯವನ್ನು ಕೂಡಿಸಿದನು. ಹಾಗಾದರೂ ಅದೇ ಪ್ರವಾದಿಯು ಅಂಜೂರದ ಹಣ್ಣಿನ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಇಡಿಸಿದನು. ಪ್ರಾರ್ಥನೆಯೂ ಔಷಧವೂ ಒಂದೇ ಕೋಣೆಯಲ್ಲಿದ್ದವು. ನಂಬಿಕೆಯುಳ್ಳವನಿಗೆ ಔಷಧ ಬೇಡವೆಂದು ಹೇಳುವವನು ಈ ಅಧ್ಯಾಯವನ್ನು ಇನ್ನೊಮ್ಮೆ ಓದಲಿ.

ಈ ರೋಗದಲ್ಲಿ ತಡಮಾಡುವದೇ ದೊಡ್ಡ ಅಪಾಯವು. ನೋವಿಲ್ಲದ ಗಂಟು, ಮೂರು ವಾರಗಳಾದರೂ ಮಾಯದ ಬಾಯಿಹುಣ್ಣು, ಕಾರಣವಿಲ್ಲದ ರಕ್ತಸ್ರಾವ, ಇವುಗಳನ್ನು ಕಂಡ ಕೂಡಲೆ ವೈದ್ಯರ ಬಳಿಗೆ ಹೋಗಬೇಕು. ಶಸ್ತ್ರಕ್ರಿಯೆ, ಕಿರಣಚಿಕಿತ್ಸೆ, ಔಷಧಚಿಕಿತ್ಸೆ ಎಂಬ ಮೂರು ಮುಖ್ಯ ಉಪಾಯಗಳುಂಟು. ಔಷಧವು ಬೇಗ ಬೇಗನೆ ಬೆಳೆಯುವ ಕಣಗಳನ್ನು ಕೊಲ್ಲುತ್ತದೆ. ಕೂದಲಿನ ಬೇರು, ಬಾಯಿಯ ಒಳಪದರು, ಎಲುಬಿನ ಮಜ್ಜೆ, ಇವು ಸಹ ಬೇಗನೆ ಬೆಳೆಯುವವುಗಳಾದದರಿಂದ ಇವುಗಳಿಗೂ ಪೆಟ್ಟು ಬೀಳುತ್ತದೆ. ಆದಕಾರಣ ಅನೇಕರಿಗೆ ಎರಡು ಮೂರು ವಾರಗಳಲ್ಲಿ ಕೂದಲು ಉದುರುತ್ತದೆ. ಚಿಕಿತ್ಸೆ ಮುಗಿದ ಮೇಲೆ ಸಾಧಾರಣವಾಗಿ ತಿರುಗಿ ಬರುತ್ತದೆ. ರಕ್ತದ ಬಿಳಿ ಕಣಗಳು ಕಡಿಮೆಯಾಗುವ ದಿನಗಳಲ್ಲಿ ಜ್ವರವು 100.4 ಡಿಗ್ರಿಗೆ ಏರಿದರೆ ಕಷಾಯ ಕುಡಿಸುತ್ತಾ ಬೆಳಗಿನ ತನಕ ಕಾಯಬಾರದು. ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಹೊರಗಿನ ಯಂತ್ರದಿಂದ ಕೊಡುವ ಕಿರಣವು ರೋಗಿಯ ಮೈಯಲ್ಲಿ ಉಳಿಯುವದಿಲ್ಲ. ಕೂಸು ಆಕೆಯ ಮಡಿಲಲ್ಲಿ ಮಲಗಬಹುದು. ಸ್ವಲ್ಪ ಸುಖ ಕಂಡಿತೆಂದು ಚಿಕಿತ್ಸೆಯನ್ನು ನಡುವೆ ನಿಲ್ಲಿಸುವದು ಬಿತ್ತಿದ ಹೊಲವನ್ನು ಕಳೆ ಕೀಳದೆ ಬಿಟ್ಟಂತೆ.

ಮುಂಬಯಿಯಲ್ಲಿ 1941ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯೂ ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸಂಸ್ಥೆಯೂ ಆರಂಭವಾದವು. ಮದ್ರಾಸಿನ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಕ್ಯಾನ್ಸರಿನಿಂದ ತಮ್ಮ ಸಹೋದರಿಯನ್ನು ಕಳಕೊಂಡ ದುಃಖವನ್ನು ಮನಸ್ಸಿನಲ್ಲಿಟ್ಟುಕೊಂಡು ದುಡಿದು 1954ರಲ್ಲಿ ಅಡ್ಯಾರಿನ ಆಸ್ಪತ್ರೆಯನ್ನು ತೆರೆದರು. ಒಂದು ಮನೆಯ ಕಣ್ಣೀರು ಸಾವಿರಾರು ಮನೆಗಳಿಗೆ ಬಾಗಲಾಯಿತು. ಹೊಲವನ್ನು ಅಡವಿಡುವ ಮುಂಚೆ ಆಸ್ಪತ್ರೆಯ ಸಮಾಜಸೇವಕರನ್ನು ವಿಚಾರಿಸಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆಯ ಸಹಾಯವುಂಟು.

3. ಮನೆಯವರು ಹಿಡಿಯತಕ್ಕ ಮೂಲೆ

ರೋಗವು ಬಂದಿತೆಂದು ಮನೆಯು ಮನೆಯಾಗಿರುವದನ್ನು ಬಿಡಬಾರದು. ಕುಟುಂಬಾರಾಧನೆಯನ್ನು ನಿಲ್ಲಿಸಬೇಡಿರಿ, ಆದರೆ ಚಿಕ್ಕದಾಗಿ ಮಾಡಿರಿ. ಆಕೆ ಕೂತುಕೊಳ್ಳಲಾರದಿದ್ದರೆ ಎಲ್ಲರೂ ಆಕೆಯ ಮಂಚದ ಬಳಿಯಲ್ಲಿ ಕೂಡಲಿ. ಮಗನು ನಾಲ್ಕು ವಚನಗಳನ್ನು ಓದಲಿ. ಒಂದು ಕೀರ್ತನೆ ಸಾಕು. ಈ ಹೊತ್ತು ನನ್ನಿಂದ ಪ್ರಾರ್ಥಿಸುವದಕ್ಕೆ ಆಗುವದಿಲ್ಲವೆಂದು ಆಕೆ ಹೇಳಿದರೆ ಗದರಿಸಬೇಡಿರಿ. ದೇವಭಕ್ತರು ಗೋಳಾಡಿದ ಕೀರ್ತನೆಗಳು ನಮ್ಮ ವೇದದಲ್ಲಿ ಎಷ್ಟೋ ಇವೆ, ಅಳುವದು ಅವಿಶ್ವಾಸವಲ್ಲ. ಆ ದಿನ ಆಕೆಗೆ ಬದಲಾಗಿ ನೀವು ನಂಬಿರಿ. ಹಾಸಿಗೆ ಹೊರುವದೆಂದರೆ ಇದೇ.

ಆಕೆಯಿಂದ ಆಗುವ ಕೆಲಸವನ್ನು ಆಕೆಯಿಂದ ಕಿತ್ತುಕೊಳ್ಳಬೇಡಿರಿ. ಸೊಪ್ಪು ಬಿಡಿಸುವದು, ಮಗುವಿನ ಪಾಠ ಕೇಳುವದು ಇಂಥವುಗಳಿಂದ ನಾನಿನ್ನೂ ಈ ಮನೆಯ ತಾಯಿಯೆಂಬ ಧೈರ್ಯವು ಆಕೆಗುಂಟಾಗುತ್ತದೆ. ಗಂಡಸು ಒಲೆಯ ಮುಂದೆ ಕೂತರೆ ಅದು ನಾಚಿಕೆಯಲ್ಲ. ಶಿಷ್ಯರ ಕಾಲು ತೊಳೆದ ಸ್ವಾಮಿಯ ಸೇವಕನಿಗೆ ಅದು ತಕ್ಕದ್ದೇ. ಒಂದು ಮಾತನ್ನು ವಿಶೇಷವಾಗಿ ಬೇಡಿಕೊಳ್ಳುತ್ತೇವೆ. ಮನೆಗೆಲಸಕ್ಕೋಸ್ಕರ ಹಿರಿಯ ಮಗಳನ್ನು ಶಾಲೆಯಿಂದ ಬಿಡಿಸಬೇಡಿರಿ. ತಾಯಿಯ ರೋಗವು ಗುಣವಾದ ಮೇಲೆಯೂ ಆ ಹುಡುಗಿಯ ನಷ್ಟವು ಉಳಿದುಬಿಡುತ್ತದೆ. ರೋಗಿಯನ್ನು ಆರೈಕೆ ಮಾಡುವವರಿಗೂ ನಿದ್ರೆಯುಂಟಾಗುವಂತೆ ರಾತ್ರಿಗಳನ್ನು ಹಂಚಿಕೊಳ್ಳಿರಿ.

4. ಸಭೆಯು ಹಿಡಿಯತಕ್ಕ ಮೂಲೆ

ಸಭೆಯವರು ನೋಡಲು ಬರುವದು ಒಳ್ಳೇದು. ಬಂದು ಬಹಳ ಹೊತ್ತು ಕೂತುಕೊಳ್ಳುವದು ಒಳ್ಳೇದಲ್ಲ. ನೆಗಡಿ ಕೆಮ್ಮು ಉಳ್ಳವರು ದೂರವಿರಲಿ. ಮಿಕ್ಕವರು ಕೈ ತೊಳೆದು ಒಳಗೆ ಬರಲಿ. ಇದೇ ರೋಗದಿಂದ ಸತ್ತವರ ಕಥೆಯನ್ನೂ, ಬೇರು ನಾರುಗಳ ಸುದ್ದಿಯನ್ನೂ, ನಿನ್ನ ನಂಬಿಕೆ ಸಾಲದೆಂಬ ಮಾತನ್ನೂ ಬಾಗಲ ಹೊರಗೆ ಬಿಟ್ಟು ಬನ್ನಿರಿ. ಬಾಯಿಯ ಕ್ಯಾನ್ಸರ್ ಬಂದವನಿಗೆ ಹೊಗೆಸೊಪ್ಪು ಅಡಿಕೆಗಳ ಉಪದೇಶವನ್ನು ಮಂಚದ ಬಳಿಯಲ್ಲಿ ಮಾಡಬೇಡಿರಿ. ಅದನ್ನು ಯೌವನಸ್ಥರ ಕೂಟದಲ್ಲಿ ತಪ್ಪದೆ ಮಾಡಿರಿ.

ಕೈಯಿಂದ ಮಾಡತಕ್ಕ ಸಹಾಯವು ಬಹಳವಾಗಿದೆ. ನಾಟಿಯ ಕಾಲದಲ್ಲಿ ನಾವು ಒಬ್ಬರ ಗದ್ದೆಗೆ ಒಬ್ಬರು ಮುಯ್ಯಾಳಾಗಿ ಹೋಗುವದಿಲ್ಲವೋ? ಹಾಗೆಯೇ ಒಬ್ಬರು ಆ ಮನೆಯ ಹಸುವನ್ನು ಕಟ್ಟಲಿ, ಒಬ್ಬರು ಮಕ್ಕಳಿಗೆ ಉಣ್ಣಿಸಲಿ, ಅಕ್ಷರ ಬಲ್ಲ ಒಬ್ಬರು ಆಸ್ಪತ್ರೆಗೆ ಜೊತೆಯಾಗಿ ಹೋಗಿ ಚೀಟಿಗಳನ್ನು ಓದಿ ಹೇಳಲಿ.

ಗುಣವಾಗದಿದ್ದರೆ?

ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲಾರೆವು. ಪೌಲನು ತನ್ನ ಶರೀರದ ಮುಳ್ಳನ್ನು ತೆಗೆದುಬಿಡಬೇಕೆಂದು ಮೂರು ಸಾರಿ ಬೇಡಿಕೊಂಡನು; ಅದು ತೆಗೆಯಲ್ಪಡಲಿಲ್ಲ. ಅವನ ನಂಬಿಕೆಯು ಕೊರತೆಯುಳ್ಳದ್ದೆಂದು ಯಾರು ಹೇಳಾರು? ವೈದ್ಯರು ಇನ್ನು ರೋಗವನ್ನು ಗೆಲ್ಲಲಾಗುವದಿಲ್ಲವೆಂದು ಹೇಳುವ ದಿನದಲ್ಲಿಯೂ ನೋವನ್ನು ತಗ್ಗಿಸುವ ಔಷಧವುಂಟು. ಅದನ್ನು ಕೇಳಿಕೊಳ್ಳುವದು ಸೋಲಲ್ಲ. ಅಂಥವರನ್ನು ಹಣ ಕೇಳದೆ ನೋಡಿಕೊಳ್ಳುವ ಕರುಣಾಶ್ರಯವು ಬೆಂಗಳೂರಿನಲ್ಲಿದೆ. ಆ ನಾಲ್ವರು ಮಾಳಿಗೆಯನ್ನು ಬಿಚ್ಚುವಾಗ ಮುಂದೆ ಏನಾಗುವದೆಂಬದನ್ನು ತಿಳಿದಿರಲಿಲ್ಲ. ಅವನನ್ನು ಸ್ವಾಮಿಯ ಮುಂದೆ ಇಳಿಸುವದೊಂದೇ ಅವರ ಕೆಲಸವಾಗಿತ್ತು. ನಮ್ಮ ಕೆಲಸವೂ ಅಷ್ಟೇ. ಆದರೆ ಹಗ್ಗವನ್ನು ನಡುವೆ ಬಿಟ್ಟುಬಿಡಬಾರದು.

ಕೂಟದಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಪ್ರೀತಿಯ ಹೆಸರಿನಿಂದ ಯಾರಿಂದ ಏನನ್ನು ಮರೆಮಾಡುತ್ತಿದ್ದೇವೆ?
2. ಹಿಜ್ಕೀಯನ ಕೋಣೆಯಲ್ಲಿ ಪ್ರಾರ್ಥನೆಯೂ ಔಷಧವೂ ಹೇಗೆ ಕೂಡಿದ್ದವು?
3. ನಮ್ಮ ಊರಿನಲ್ಲಿ ಈಗ ಯಾರ ಹಾಸಿಗೆಯ ಒಂದು ಮೂಲೆಯು ಹಿಡಿಯುವವರಿಲ್ಲದೆ ತೂಗಾಡುತ್ತಿದೆ? ಈ ವಾರ ಅದನ್ನು ಹಿಡಿಯುವವರು ಯಾರು?