ಸಿಹಿ ತಿನಿಸಿನ ರುಚಿಯ ಸಸಾರಜನಕ ಪಾನೀಯ: ಮನೆಯಲ್ಲಿಯೇ ತಯಾರಿಸುವ ವಿಧಾನ

(ಸುತ್ತೋಲೆಯ ಅನುಬಂಧ: ಪೌಷ್ಟಿಕತೆ ಕುರಿತ ಅಧ್ಯಯನ ಪಾಠ. ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಹಾಗೂ ಮಹಿಳಾ ಸ್ವಸಹಾಯ ಗುಂಪುಗಳ ಸದಸ್ಯೆಯರ ಮಾಸಿಕ ಸಭೆಗಳಲ್ಲಿ ಓದಿ ಚರ್ಚಿಸುವ ಸಲುವಾಗಿ.)

1. ಪಾಠದ ಉದ್ದೇಶ

ಗ್ರಾಮೀಣ ಕುಟುಂಬಗಳಲ್ಲಿ ಗರ್ಭಿಣಿಯರಿಗೆ, ಬೆಳೆಯುವ ಮಕ್ಕಳಿಗೆ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯರಿಗೆ ಡಬ್ಬಿಯಲ್ಲಿ ಬರುವ ಪುಡಿಗಳನ್ನು ಕೊಂಡು ಕೊಡುವ ರೂಢಿ ಹೆಚ್ಚುತ್ತಿದೆ. ತಾಲ್ಲೂಕು ಕೇಂದ್ರಗಳ ವ್ಯಾಯಾಮ ಶಾಲೆಗಳಿಗೆ ಹೋಗುವ ಯುವಕರಲ್ಲಿಯೂ ಇದೇ ರೂಢಿ ಬೆಳೆದಿದೆ. ಕೂಲಿಯಿಂದ ಜೀವನ ಸಾಗಿಸುವ ಮನೆಯೊಂದು ಇಂತಹ ಒಂದು ಡಬ್ಬಿಗಾಗಿ ಹಲವು ದಿನಗಳ ದುಡಿಮೆಯನ್ನು ವೆಚ್ಚ ಮಾಡಿದಾಗ, ಅದೇ ಹಣದಲ್ಲಿ ಬರಬಹುದಾಗಿದ್ದ ಬೇಳೆ, ಹಾಲು, ಮೊಟ್ಟೆ, ತರಕಾರಿಗಳು ಅಡುಗೆಮನೆಯಿಂದ ದೂರವಾಗುತ್ತವೆ. ಪೌಷ್ಟಿಕತೆಯ ಹೆಸರಿನಲ್ಲಿಯೇ ಮನೆಯ ಪೌಷ್ಟಿಕತೆ ಕುಗ್ಗುತ್ತದೆ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ‘ಆರೋಗ್ಯ ಪಾನೀಯ’ ಎಂಬುದಕ್ಕೆ ವ್ಯಾಖ್ಯಾನವಿಲ್ಲ. ಈ ಕಾರಣದಿಂದಲೇ 2024ರ ಏಪ್ರಿಲ್ ತಿಂಗಳಿನಲ್ಲಿ ಆನ್‌ಲೈನ್ ಮಾರಾಟ ತಾಣಗಳು ಆ ಹೆಸರಿನ ವರ್ಗದಡಿ ಪೇಯಗಳನ್ನು ಮಾರಬಾರದೆಂದು ಕೇಂದ್ರ ಸರ್ಕಾರ ಸೂಚಿಸಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಹೊರತಂದ ಭಾರತೀಯರ ಆಹಾರ ಮಾರ್ಗಸೂಚಿಯು, ದೇಹ ಬೆಳೆಸುವ ಸಲುವಾಗಿ ಪ್ರೋಟೀನ್ ಪುಡಿಗಳನ್ನು ಬಳಸುವುದು ಬೇಡವೆಂದು ಸಲಹೆ ನೀಡಿದೆ.

ಹಾಗೆಂದು ಸಿಹಿಯಾದ, ಬಾಯಿಗೆ ಹಿತವಾದ ಪಾನೀಯವನ್ನು ಬಯಸುವುದು ತಪ್ಪಲ್ಲ. ಊಟ ಬೇಡವೆನ್ನುವ ಮಗುವೂ, ಹಲ್ಲಿಲ್ಲದ ಅಜ್ಜಿಯೂ ಒಂದು ಲೋಟ ಪಾಯಸವನ್ನು ನಿರಾಕರಿಸುವುದು ಅಪರೂಪ. ಹೋಳಿಗೆ, ಪಾಯಸ, ರಸಾಯನಗಳ ರುಚಿಯನ್ನೇ ಉಳಿಸಿಕೊಂಡು, ಸಕ್ಕರೆಯನ್ನು ಕಡಿಮೆ ಮಾಡಿ, ಸಸಾರಜನಕವನ್ನು ಹೆಚ್ಚಿಸಿದ ಪಾನೀಯವನ್ನು ಮನೆಯ ಸಾಮಗ್ರಿಗಳಿಂದ ತಯಾರಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

2. ಸಸಾರಜನಕ ಎಷ್ಟು ಬೇಕು?

ಸಸಾರಜನಕ, ಅಂದರೆ ಪ್ರೋಟೀನ್, ಸ್ನಾಯುಗಳ ರಚನೆಗೆ, ಗಾಯ ಮಾಯುವುದಕ್ಕೆ, ರಕ್ತದ ಹಿಮೋಗ್ಲೋಬಿನ್ ಉತ್ಪತ್ತಿಗೆ ಹಾಗೂ ರೋಗನಿರೋಧಕ ಶಕ್ತಿಗೆ ಆಧಾರವಾದ ಪೋಷಕಾಂಶ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. 65 ಕಿಲೋ ತೂಕದ ಪುರುಷನಿಗೆ ಇದು ಸುಮಾರು 54 ಗ್ರಾಂ. 55 ಕಿಲೋ ತೂಕದ ಮಹಿಳೆಗೆ ಸುಮಾರು 46 ಗ್ರಾಂ. ಗರ್ಭಿಣಿಗೆ ಎರಡನೆಯ ತ್ರೈಮಾಸಿಕದಲ್ಲಿ 9.5 ಗ್ರಾಂ, ಮೂರನೆಯ ತ್ರೈಮಾಸಿಕದಲ್ಲಿ 22 ಗ್ರಾಂ ಹೆಚ್ಚುವರಿಯಾಗಿ ಬೇಕಾಗುತ್ತದೆ.

ಒಬ್ಬ ಮಹಿಳೆ ದಿನಕ್ಕೆ 200 ಗ್ರಾಂ ರಾಗಿ ಹಿಟ್ಟಿನ ಮುದ್ದೆ ಹಾಗೂ 200 ಗ್ರಾಂ ಅಕ್ಕಿಯ ಅನ್ನವನ್ನು ತೆಳು ಸಾರಿನೊಡನೆ ಉಂಡರೆ ಆಕೆಗೆ ದೊರೆಯುವುದು ಸುಮಾರು 30 ಗ್ರಾಂ ಸಸಾರಜನಕ ಮಾತ್ರ. ಹೊಟ್ಟೆ ತುಂಬಿದರೂ ಸುಮಾರು 15 ಗ್ರಾಂ ಕೊರತೆ ಉಳಿಯುತ್ತದೆ. ಈ ಕೊರತೆಯ ಬಹುಭಾಗವನ್ನು ಒಂದು ಲೋಟ ಪಾನೀಯ ತುಂಬಬಲ್ಲದು.

ಪ್ರಮಾಣದಷ್ಟೇ ಗುಣವೂ ಮುಖ್ಯ. ಧಾನ್ಯಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಸಾಕಷ್ಟಿದ್ದು, ಮೆಥಿಯೋನಿನ್ ಕಡಿಮೆ ಇರುತ್ತದೆ. ಎಳ್ಳು ಹಾಗೂ ರಾಗಿಯಲ್ಲಿ ಮೆಥಿಯೋನಿನ್ ಉತ್ತಮವಾಗಿದೆ. ಆದುದರಿಂದ ಧಾನ್ಯ, ಕಾಳು, ಎಣ್ಣೆಬೀಜಗಳನ್ನು ಒಟ್ಟಿಗೆ ಬಳಸಿದಾಗ ಒಂದರ ಕೊರತೆಯನ್ನು ಮತ್ತೊಂದು ನೀಗಿಸುತ್ತದೆ. ಹಾಲು ಸೇರಿದರೆ ಗುಣ ಮತ್ತಷ್ಟು ಹೆಚ್ಚುತ್ತದೆ.

3. ಮೂಲ ಪುಡಿಯ ತಯಾರಿಕೆ

ಬೇಕಾಗುವ ಸಾಮಗ್ರಿ: ಹುರಿಗಡಲೆ (ಪುಟಾಣಿ) 200 ಗ್ರಾಂ, ರಾಗಿ ಹುರಿಹಿಟ್ಟು 150 ಗ್ರಾಂ, ಶೇಂಗಾ (ಕಡಲೆಕಾಯಿ ಬೀಜ) 100 ಗ್ರಾಂ, ಬಿಳಿ ಎಳ್ಳು 50 ಗ್ರಾಂ, ಏಲಕ್ಕಿ ಐದಾರು.

ಹಳೆಯ ಮೈಸೂರು ಭಾಗದ ಮನೆಗಳಲ್ಲಿ ಹುರಿಹಿಟ್ಟು ಹೊಸ ವಸ್ತುವಲ್ಲ. ರಾಗಿಯನ್ನು ತೊಳೆದು, ನೀರು ಬಸಿದು, ಬಟ್ಟೆಯಲ್ಲಿ ಕೆಲವು ಗಂಟೆಗಳ ಕಾಲ ಕಟ್ಟಿಡಬೇಕು. ಅನಂತರ ಚೆನ್ನಾಗಿ ಕಾದ ಬಾಣಲೆಯಲ್ಲಿ ಒಂದೊಂದೇ ಹಿಡಿಯಷ್ಟು ಹಾಕಿ, ಬಿಳಿಯ ಅರಳಾಗಿ ಸಿಡಿಯುವವರೆಗೆ ಹುರಿದು, ಆರಿಸಿ ಬೀಸಬೇಕು. ಈ ಹಿಟ್ಟು ಈಗಾಗಲೇ ಬೆಂದಿರುವುದರಿಂದ ಮತ್ತೆ ಬೇಯಿಸುವ ಅಗತ್ಯವಿಲ್ಲ. ಹುರಿಹಿಟ್ಟು ದೊರೆಯದಿದ್ದರೆ ಸಾಮಾನ್ಯ ರಾಗಿ ಹಿಟ್ಟನ್ನು ಬಳಸಬಹುದು. ಆದರೆ ಹಾಗೆ ಮಾಡಿದಾಗ ಪುಡಿಯನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಹಾಲಿನೊಡನೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈಯಾಡಿಸುತ್ತ ಕುದಿಸಲೇಬೇಕು.

ಶೇಂಗಾವನ್ನು ಹುರಿಯುವ ಮುನ್ನ ಕಡ್ಡಾಯವಾಗಿ ಆರಿಸಬೇಕು. ಮುದುಡಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಹಾನಿಕರವಾಗಿದ್ದು, ಮನೆಯಲ್ಲಿ ಹುರಿಯುವುದರಿಂದ ಸಂಪೂರ್ಣ ನಾಶವಾಗುವುದಿಲ್ಲ. ಅಂತಹ ಬೀಜಗಳನ್ನು ಎಸೆಯುವುದೊಂದೇ ದಾರಿ, ದನಕರುಗಳಿಗೂ ಹಾಕಬಾರದು.

ಆರಿಸಿದ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಬೇಕು. ಎಳ್ಳನ್ನು ಚಟಪಟ ಎನ್ನುವವರೆಗೆ, ಹುರಿಗಡಲೆಯನ್ನು ಬೆಚ್ಚಗಾಗುವವರೆಗೆ ಮಾತ್ರ ಹುರಿಯಬೇಕು. ಎಲ್ಲವೂ ಪೂರ್ಣವಾಗಿ ಆರಿದ ಮೇಲೆ ಮೊದಲು ಹುರಿಗಡಲೆ ಮತ್ತು ಏಲಕ್ಕಿಯನ್ನು ಪುಡಿ ಮಾಡಿ, ಆ ಪುಡಿಯೊಡನೆಯೇ ಶೇಂಗಾ ಹಾಗೂ ಎಳ್ಳನ್ನು ಸೇರಿಸಿ, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಎಣ್ಣೆಬೀಜಗಳನ್ನು ಮಾತ್ರವೇ ಹಾಕಿ ಅರೆದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಕೊನೆಯಲ್ಲಿ ಹುರಿಹಿಟ್ಟನ್ನು ಬೆರೆಸಿ, ಜರಡಿಯಾಡಿ, ತೇವವಿಲ್ಲದ ಡಬ್ಬಿಯಲ್ಲಿ ತುಂಬಿ ಮುಚ್ಚಬೇಕು.

ಈ 500 ಗ್ರಾಂ ಪುಡಿಯಲ್ಲಿ ಸುಮಾರು 89 ಗ್ರಾಂ ಸಸಾರಜನಕವಿರುತ್ತದೆ. ಒಬ್ಬರಿಗೆ ದಿನಕ್ಕೆ ಸುಮಾರು 30 ಗ್ರಾಂನಂತೆ, ಅಂದರೆ ಮೂರು ದೊಡ್ಡ ಚಮಚದಂತೆ, ಹದಿನೈದು ದಿನಗಳಿಗೆ ಇದು ಸಾಕು. ಎಣ್ಣೆಬೀಜಗಳಿರುವುದರಿಂದ ಹೆಚ್ಚು ಕಾಲ ಇಟ್ಟರೆ ಕಮಟು ವಾಸನೆ ಬರುತ್ತದೆ. ಆದ್ದರಿಂದ ಹದಿನೈದು ದಿನಗಳಿಗೆ ಬೇಕಾದಷ್ಟನ್ನೇ ಸಿದ್ಧಪಡಿಸುವುದು ಸೂಕ್ತ.

4. ನಾಲ್ಕು ರುಚಿಗಳು

ಕೆಳಗಿನ ಪ್ರತಿಯೊಂದು ವಿಧಾನವೂ ಒಂದು ಲೋಟಕ್ಕೆ ಸಂಬಂಧಿಸಿದ್ದು. ಹಾಲನ್ನು ಕಾಯಿಸಿ ಆರಿಸಿಯೇ ಬಳಸಬೇಕು. ಬೆಲ್ಲ ಎರಡು ಸಣ್ಣ ಚಮಚವನ್ನು, ಅಂದರೆ ಸುಮಾರು 10 ಗ್ರಾಂ ಪ್ರಮಾಣವನ್ನು ಮೀರಬಾರದು. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಆರಿದ ಮೇಲೆ ಬೆರೆಸಿದರೆ ಮಣ್ಣು, ಕಸ ಬೇರೆಯಾಗುವುದಲ್ಲದೆ ಹಾಲು ಒಡೆಯುವ ಸಂಭವವೂ ಕಡಿಮೆಯಾಗುತ್ತದೆ.

ಅ) ಬಾಳೆಹಣ್ಣಿನ ರಸಾಯನದ ರುಚಿ: 200 ಮಿಲಿ ಹಾಲು, 30 ಗ್ರಾಂ ಮೂಲ ಪುಡಿ, ಚೆನ್ನಾಗಿ ಕಳಿತ ಅರ್ಧ ಬಾಳೆಹಣ್ಣು. ಕಡೆಗೋಲಿನಿಂದ ಕಡೆಯಬಹುದು ಅಥವಾ ಮಿಕ್ಸಿಯಲ್ಲಿ ತಿರುಗಿಸಬಹುದು. ಹಣ್ಣು ಕಳಿತಿದ್ದರೆ ಬೆಲ್ಲ ಬೇಕಾಗುವುದಿಲ್ಲ. ಸಸಾರಜನಕ ಸುಮಾರು 12 ಗ್ರಾಂ. ಮಕ್ಕಳು ಚಾಕೊಲೇಟ್ ರುಚಿ ಬಯಸಿದಲ್ಲಿ ಸಕ್ಕರೆ ಸೇರಿಸದ ಕೋಕೋ ಪುಡಿಯನ್ನು ಅರ್ಧ ಸಣ್ಣ ಚಮಚ ಹಾಕಬಹುದು.

ಆ) ಹೋಳಿಗೆ ಹೂರಣದ ರುಚಿ: ಹುರಿಗಡಲೆ ಪುಡಿ 30 ಗ್ರಾಂ, ಹಾಲು 200 ಮಿಲಿ, ಬೆಲ್ಲ, ಏಲಕ್ಕಿ, ಚಿಟಿಕೆ ಜಾಯಿಕಾಯಿ. ಕಡಲೆ, ಬೆಲ್ಲ, ಏಲಕ್ಕಿ ಒಂದಾದಾಗ ಹೂರಣದ ಪರಿಮಳ ತಾನಾಗಿಯೇ ಬರುತ್ತದೆ. ಸಸಾರಜನಕ ಸುಮಾರು 13 ಗ್ರಾಂ.

ಇ) ಹೆಸರುಬೇಳೆ ಪಾಯಸದ ರುಚಿ: 30 ಗ್ರಾಂ ಹೆಸರುಬೇಳೆಯನ್ನು ಘಮ್ಮೆನ್ನುವಂತೆ ಹುರಿದು, ತೊಳೆದು, ಮೆತ್ತಗೆ ಬೇಯಿಸಿ, ಆರಿದ ಮೇಲೆ 150 ಮಿಲಿ ಹಾಲು, ಬೆಲ್ಲ, ಏಲಕ್ಕಿ, ಚಿಟಿಕೆ ಶುಂಠಿ ಪುಡಿ ಸೇರಿಸಿ ಅರೆಯಬೇಕು. ಸಸಾರಜನಕ ಸುಮಾರು 12 ಗ್ರಾಂ. ನುಣ್ಣಗಿರುವುದರಿಂದ ಹಿರಿಯರಿಗೆ ಇದು ಅನುಕೂಲಕರ.

ಈ) ಶ್ರೀಖಂಡದ ರುಚಿ: ಹುಳಿಯಿಲ್ಲದ ಗಟ್ಟಿ ಮೊಸರು 200 ಮಿಲಿ, ಹುರಿಗಡಲೆ ಪುಡಿ 20 ಗ್ರಾಂ, ಬೆಲ್ಲ, ಏಲಕ್ಕಿ. ಸಸಾರಜನಕ ಸುಮಾರು 10 ಗ್ರಾಂ. ಹಾಲು ಕುಡಿದರೆ ಹೊಟ್ಟೆಯುಬ್ಬರವಾಗುವ ಅನೇಕರಿಗೆ ಮೊಸರು ಒಗ್ಗುತ್ತದೆ.

ಮೂಲ ಪುಡಿ, ಹಾಲು ಹಾಗೂ ಬೆಲ್ಲ ಸೇರಿದ ಒಂದು ಲೋಟದಲ್ಲಿ ಸುಮಾರು 300 ಕಿಲೋ ಕ್ಯಾಲೊರಿ ಶಕ್ತಿಯೂ ಇರುತ್ತದೆ. ಆದುದರಿಂದ ಇದನ್ನು ನೀರಿನಂತೆ ಪದೇ ಪದೇ ಕುಡಿಯತಕ್ಕದ್ದಲ್ಲ. ತೂಕ ಇಳಿಸಬೇಕಾದವರು ಸಂಜೆಯ ಕರಿದ ತಿಂಡಿ ಹಾಗೂ ಬಿಸ್ಕತ್ತಿನ ಬದಲಿಗೆ ಇದನ್ನು ಬಳಸಬೇಕೇ ಹೊರತು ಅವುಗಳ ಜೊತೆಗಲ್ಲ.

5. ಬೆಲ್ಲದ ವಿಷಯ

ಬೆಲ್ಲ ನೈಸರ್ಗಿಕವಾದುದರಿಂದ ಎಷ್ಟಾದರೂ ತಿನ್ನಬಹುದೆಂಬ ಭಾವನೆ ಸರಿಯಲ್ಲ. ದೇಹದಲ್ಲಿ ಬೆಲ್ಲವೂ ಸಕ್ಕರೆಯಂತೆಯೇ ವರ್ತಿಸುತ್ತದೆ. ಸೇರಿಸಿದ ಸಕ್ಕರೆ, ಬೆಲ್ಲ, ಜೇನುತುಪ್ಪಗಳಿಂದ ಬರುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕೆಂದು, ಶೇ. 5ಕ್ಕಿಂತ ಕಡಿಮೆಯಾದರೆ ಮತ್ತಷ್ಟು ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿದೆ. 2000 ಕಿಲೋ ಕ್ಯಾಲೊರಿ ಆಹಾರ ಸೇವಿಸುವವರಿಗೆ ಶೇ. 5 ಎಂದರೆ ಸುಮಾರು 25 ಗ್ರಾಂ. ಕಾಫಿ, ಚಹಾದ ಸಕ್ಕರೆಯೂ ಇದರಲ್ಲಿಯೇ ಸೇರುತ್ತದೆ. ಮಧುಮೇಹ ಇರುವವರು ಬೆಲ್ಲ ಹಾಗೂ ಬಾಳೆಹಣ್ಣನ್ನು ಬಿಟ್ಟು, ಏಲಕ್ಕಿಯ ಪರಿಮಳಕ್ಕೇ ತೃಪ್ತಿಪಡುವುದು ಲೇಸು.

6. ವೆಚ್ಚದ ಲೆಕ್ಕ

ಯಾವುದೇ ಪದಾರ್ಥದ ಬೆಲೆಯನ್ನು ಡಬ್ಬಿಯ ಗಾತ್ರದಿಂದಲ್ಲ, ಅದರಲ್ಲಿರುವ ಸಸಾರಜನಕದಿಂದ ಅಳೆಯಬೇಕು. ಉದಾಹರಣೆಗೆ, 500 ಗ್ರಾಂ ಡಬ್ಬಿಯೊಂದರ ಬೆಲೆ 600 ರೂಪಾಯಿ, ಚೀಟಿಯಲ್ಲಿ 100 ಗ್ರಾಂಗೆ 20 ಗ್ರಾಂ ಸಸಾರಜನಕ ಎಂದಿದೆ ಎಂದಿಟ್ಟುಕೊಳ್ಳೋಣ. ಆಗ ಇಡೀ ಡಬ್ಬಿಯಲ್ಲಿರುವುದು 100 ಗ್ರಾಂ. 10 ಗ್ರಾಂ ಸಸಾರಜನಕಕ್ಕೆ ತಗಲುವುದು 60 ರೂಪಾಯಿ. ಹುರಿಗಡಲೆ ಕಿಲೋಗೆ 120 ರೂಪಾಯಿ ಎಂದಾದರೆ, ಅದರಲ್ಲಿ ಸುಮಾರು 220 ಗ್ರಾಂ ಸಸಾರಜನಕವಿರುವುದರಿಂದ 10 ಗ್ರಾಂಗೆ ತಗಲುವುದು ಐದೂವರೆ ರೂಪಾಯಿಯಷ್ಟು. ಆಯಾ ಊರಿನ ಸಂತೆಯ ದರ ಹಾಕಿ ಪ್ರತಿ ಗುಂಪೂ ಈ ಲೆಕ್ಕವನ್ನು ಮಾಡಿ ನೋಡಬೇಕು.

ಚೀಟಿ ಓದುವಾಗ ಮತ್ತೊಂದು ಅಂಶವನ್ನು ಗಮನಿಸಬೇಕು. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಿರುತ್ತಾರೆ. ಸಕ್ಕರೆಯ ಹೆಸರು ಪಟ್ಟಿಯ ಮೊದಲಲ್ಲಿಯೇ ಇದ್ದರೆ, ಆ ಡಬ್ಬಿಯಲ್ಲಿ ಹೆಚ್ಚಾಗಿ ಇರುವುದು ಸಕ್ಕರೆಯೇ.

7. ಕಡ್ಡಾಯವಾಗಿ ಪಾಲಿಸಬೇಕಾದ ಎಚ್ಚರಿಕೆಗಳು

ಅ) ಆರು ತಿಂಗಳೊಳಗಿನ ಶಿಶುವಿಗೆ ತಾಯಿಯ ಹಾಲಿನ ಹೊರತು ಏನನ್ನೂ ಕೊಡಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಸಲ್ಲದು.

ಆ) ಕಬ್ಬಿಣಾಂಶದ ಮಾತ್ರೆಯನ್ನು ಈ ಪಾನೀಯದೊಡನೆ ಸೇವಿಸಬಾರದು. ಹಾಲಿನ ಕ್ಯಾಲ್ಸಿಯಂ ಕಬ್ಬಿಣಾಂಶದ ಹೀರಿಕೆಯನ್ನು ತಗ್ಗಿಸುತ್ತದೆ. ಕಾಫಿ, ಚಹಾ ಕೂಡ ಹಾಗೆಯೇ. ಗರ್ಭಿಣಿಯರು ಇವೆರಡರ ನಡುವೆ ಕನಿಷ್ಠ ಎರಡು ಗಂಟೆಗಳ ಅಂತರ ಕಾಯ್ದುಕೊಳ್ಳಬೇಕು. ರಕ್ತಹೀನತೆಯಿರುವ ತಾಯಿಯ ಮಾತ್ರೆ ವ್ಯರ್ಥವಾಗದಿರಲು ಈ ಅಂತರ ಅತ್ಯಗತ್ಯ.

ಇ) ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರ ಸಲಹೆಯಿಲ್ಲದೆ ಸಸಾರಜನಕವನ್ನು ಹೆಚ್ಚಿಸಬಾರದು. ಶೇಂಗಾ, ಎಳ್ಳು ಒಗ್ಗದವರು ಅವುಗಳನ್ನು ಬಿಟ್ಟು ಹುರಿಗಡಲೆಯನ್ನೇ ಹೆಚ್ಚಿಸಿಕೊಳ್ಳಬೇಕು.

ಈ) ತೀವ್ರ ಅಪೌಷ್ಟಿಕತೆಗೆ ಈ ಪಾನೀಯ ಚಿಕಿತ್ಸೆಯಲ್ಲ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅಥವಾ ಎರಡೂ ಪಾದಗಳಲ್ಲಿ ಬಾವು ಕಂಡರೆ, ಮನೆಮದ್ದಿನಲ್ಲಿ ದಿನ ಕಳೆಯದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ಉ) ಬೆರೆಸಿದ ಪಾನೀಯವನ್ನು ಕೂಡಲೇ ಕುಡಿಯಬೇಕು. ಬೇಸಿಗೆಯಲ್ಲಿ ಹೊರಗಿಟ್ಟು ಸಂಜೆಗೆ ಕುಡಿಸುವುದು ಅಪಾಯಕರ. ಮಿಕ್ಸಿಯ ಜಾಡಿ, ಲೋಟ, ಚಮಚ ಹಾಗೂ ಕೈಗಳು ಶುಚಿಯಾಗಿರಬೇಕು.

ಊ) ಇದು ಊಟಕ್ಕೆ ಪೂರಕವೇ ಹೊರತು ಬದಲಿಯಲ್ಲ. 2017ರಿಂದ ಜಾರಿಯಲ್ಲಿರುವ ಮಾತೃಪೂರ್ಣ ಯೋಜನೆಯ ಊಟವನ್ನು ಗರ್ಭಿಣಿಯರು ಹಾಗೂ ಬಾಣಂತಿಯರು ತಪ್ಪಿಸಬಾರದು. ಮನೆಯಲ್ಲಿ ಪಾನೀಯ ಸಿದ್ಧವಿದೆ ಎಂಬ ಕಾರಣಕ್ಕೆ ತಾಯಿಯ ತಟ್ಟೆಯ ಪಾಲು ಕಡಿಮೆಯಾಗದಂತೆ ಮನೆಯವರು ನೋಡಿಕೊಳ್ಳಬೇಕು.

ಋ) ಸ್ವಸಹಾಯ ಗುಂಪುಗಳು ಈ ಪುಡಿಯನ್ನು ಮಾರಾಟ ಮಾಡಲು ಇಚ್ಛಿಸಿದಲ್ಲಿ ಆಹಾರ ಸುರಕ್ಷತಾ ನೋಂದಣಿಯನ್ನು ಪಡೆದಿರಬೇಕು. ತಯಾರಿಕೆಯ ದಿನಾಂಕ, ಪದಾರ್ಥಗಳ ಪಟ್ಟಿ, ಶೇಂಗಾ ಮತ್ತು ಎಳ್ಳು ಇರುವ ಸೂಚನೆಯನ್ನು ಪೊಟ್ಟಣದ ಮೇಲೆ ನಮೂದಿಸಬೇಕು.

8. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

(1) ಮುದ್ದೆ ಅಥವಾ ರೊಟ್ಟಿ, ಅನ್ನ, ತೆಳು ಸಾರಿನ ಊಟದಲ್ಲಿ ಸಸಾರಜನಕದ ಕೊರತೆ ಏಕೆ ಉಳಿಯುತ್ತದೆ?
(2) ರಾಗಿ, ಕಡಲೆ, ಎಳ್ಳನ್ನು ಒಟ್ಟಿಗೆ ಬಳಸುವುದರಿಂದ ಆಗುವ ಪ್ರಯೋಜನವೇನು?
(3) ಕಬ್ಬಿಣಾಂಶದ ಮಾತ್ರೆಯನ್ನು ಹಾಲಿನೊಡನೆ ಏಕೆ ನುಂಗಬಾರದು?
(4) ಊರಿನ ಅಂಗಡಿಯಲ್ಲಿ ದೊರೆಯುವ ಒಂದು ಡಬ್ಬಿಯ ಚೀಟಿಯನ್ನು ಓದಿ, 10 ಗ್ರಾಂ ಸಸಾರಜನಕದ ಬೆಲೆಯನ್ನು ಲೆಕ್ಕ ಹಾಕಿ, ಹುರಿಗಡಲೆಯ ಬೆಲೆಯೊಡನೆ ಹೋಲಿಸಿರಿ.
(5) ಮನೆಯಲ್ಲಿ ಇಂತಹ ಪಾನೀಯ ಸಿದ್ಧವಾದಾಗ ಮೊದಲ ಲೋಟ ಯಾರ ಕೈ ಸೇರುತ್ತದೆ? ಅತ್ಯಂತ ಅಗತ್ಯವಿರುವವರು ಯಾರು?

ಕೊನೆಯ ಪ್ರಶ್ನೆಗೆ ಹೆಚ್ಚಿನ ಸಮಯ ನೀಡುವುದು ಅಪೇಕ್ಷಣೀಯ. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಳಿದುದನ್ನು ಉಣ್ಣುವ ಸೊಸೆ, ಬೆಳೆಯುವ ವಯಸ್ಸಿನ ಹೆಣ್ಣುಮಗಳು, ಮೂಲೆಯಲ್ಲಿ ಮಲಗಿರುವ ಮುದುಕಿ, ಇವರ ಲೋಟ ಖಾಲಿ ಉಳಿದರೆ ಪುಡಿ ಎಷ್ಟೇ ಚೆನ್ನಾಗಿದ್ದರೂ ಪಾಠದ ಉದ್ದೇಶ ಈಡೇರುವುದಿಲ್ಲ. ಮುಂದಿನ ಸಭೆಗೆ ಪ್ರತಿಯೊಬ್ಬ ಸದಸ್ಯೆಯೂ ಒಂದು ರುಚಿಯನ್ನು ಮನೆಯಲ್ಲಿ ತಯಾರಿಸಿ, ಯಾರಿಗೆ ಕೊಡಲಾಯಿತು, ಎಷ್ಟು ವೆಚ್ಚವಾಯಿತು ಎಂಬುದನ್ನು ಬರೆದು ತರತಕ್ಕದ್ದು.