ನಿನ್ನ ಕೈಯಲ್ಲಿರುವ ವರ ಯಾರಿಗಾಗಿ?

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 9:36-42

 

ಯೌವನಸ್ಥರು ಪ್ರಾರ್ಥನೆಗೆ ಅಂತ ನನ್ನ ಹತ್ತಿರ ಬಂದಾಗ ಮತ್ತೆ ಮತ್ತೆ ಕೇಳುವ ಮಾತು ಒಂದಿದೆ. "ಪಾಸ್ಟರ್, ನನಗೆ ಹಾಡೋಕೆ ಬರಲ್ಲ, ಗಿಟಾರ್ ಬರಲ್ಲ, ನಾಲ್ಕು ಜನರ ಮುಂದೆ ಮಾತಾಡೋಕೂ ಬರಲ್ಲ. ನನಗೆ ಯಾವ ವರ ಇದೆ?" ಈ ಪ್ರಶ್ನೆಯ ಒಳಗೆ ಒಂದು ನೋವಿದೆ. ಮೈಕ್ ಹಿಡಿದವರಿಗೆ ಮಾತ್ರ ವರ ಇದೆ, ನಾನು ಬರೀ ಕುರ್ಚಿ ತುಂಬಿಸೋಕೆ ಬಂದವನು ಅನ್ನುವ ನೋವು.

ಈಗ ಯೊಪ್ಪ ಊರಿನ ಆ ಮೇಲಂತಸ್ತಿನ ಕೋಣೆಯನ್ನು ನೋಡಿ. ತಬಿಥಾ ಸತ್ತಿದ್ದಾಳೆ. ಪೇತ್ರನು ಲುದ್ದದಿಂದ ಬಂದಿದ್ದಾನೆ. ವಿಧವೆಯರು ಅಳುತ್ತಾ ಅವನ ಸುತ್ತ ನಿಂತಿದ್ದಾರೆ. ಅವರು ಏನು ತೋರಿಸುತ್ತಿದ್ದಾರೆ? ಬಟ್ಟೆ! ಅವಳು ಬದುಕಿದ್ದಾಗ ಮಾಡಿಕೊಟ್ಟ ಅಂಗಿಗಳು, ವಸ್ತ್ರಗಳು. ಅವಳು ಪ್ರಸಂಗ ಮಾಡಿದಳು ಅಂತ ಇಲ್ಲಿ ಬರೆದಿಲ್ಲ. ಆದರೂ ವಾಕ್ಯ ಅವಳನ್ನು ಶಿಷ್ಯಳು ಅಂತ ಕರೆಯುತ್ತದೆ. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ 'ಶಿಷ್ಯಳು' ಅನ್ನುವ ಆ ಸ್ತ್ರೀಲಿಂಗ ಪದ ಬರುವುದು ಇದೊಂದೇ ಕಡೆ. ಆ ಗೌರವ ಸೂಜಿ ದಾರ ಹಿಡಿದ ಕೈಗೆ ಸಿಕ್ಕಿತು. ಹಲ್ಲೆಲೂಯಾ!

"ಅದು ಬರೀ ಕೈಕೆಲಸ, ಆತ್ಮನ ವರ ಹೇಗಾಗುತ್ತೆ?" ಅಂತ ಕೆಲವರು ಕೇಳಬಹುದು. ವಿಮೋಚನಕಾಂಡ 31ನೇ ಅಧ್ಯಾಯ ತೆಗೆಯಿರಿ. ಇವನನ್ನು ನನ್ನ ಆತ್ಮದಿಂದ ತುಂಬಿಸಿದ್ದೇನೆ ಅಂತ ದೇವರು ಬೆಚಲೇಲನ ಹೆಸರು ಹಿಡಿದು ಹೇಳುತ್ತಾರೆ. ಯಾರವನು? ಚಿನ್ನ, ಬೆಳ್ಳಿ, ತಾಮ್ರ, ಮರದ ಕೆಲಸ ಬಲ್ಲವನು. ಇನ್ನು 1 ಕೊರಿಂಥ 12:28. ರೋಗ ವಾಸಿಮಾಡುವ ವರ, ಅನ್ಯಭಾಷೆಯ ವರ ಇವುಗಳ ನಡುವೆಯೇ ಪೌಲನು ಇನ್ನೆರಡನ್ನು ಇಟ್ಟಿದ್ದಾನೆ: ಸಹಾಯ ಮಾಡುವುದು, ಕಾರ್ಯ ನಿರ್ವಹಿಸುವುದು. ನಾವು ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ಸಭೆ, ಆಮೆನ್. ಆದರೆ ಅದೇ ವಚನದಲ್ಲಿ ಇರುವ ಸಹಾಯವನ್ನು ನಾವು ಬಿಟ್ಟು ಓದಬಾರದು.

ಹಾಗಾದರೆ ಮತ್ತಾಯ 25ರ ಒಂದು ತಲಾಂತಿನ ಆಳು ಯಾಕೆ ಹೂತಿಟ್ಟ? ಕೊಟ್ಟದ್ದು ಕಡಿಮೆ ಅಂತಲಾ? ಒಂದು ತಲಾಂತು ಅಂದರೆ ಸುಮಾರು 6,000 ದಿನಗಳ ಕೂಲಿ. ಹತ್ತಿರ ಹತ್ತಿರ 20 ವರ್ಷದ ಸಂಬಳ! ಅದು ಚಿಲ್ಲರೆ ಅಲ್ಲ. ತನಗೆ ಭಯವಾಯಿತು ಅಂತ ಅವನೇ ಹೇಳುತ್ತಾನೆ. ಧಣಿ ಕಠಿಣ ಅಂದುಕೊಂಡ, ಅದಕ್ಕೆ ಗುಂಡಿ ತೋಡಿದ. ಪ್ರಿಯರೇ, ನಮ್ಮ ಕೆಲವರ ವರ ಮಣ್ಣಿನಡಿ ಇರುವುದು ಹೀಗೆಯೇ. ತಪ್ಪಾದರೆ ಜನ ನಗುತ್ತಾರೆ, ಇನ್ನೊಬ್ಬನಷ್ಟು ಚೆನ್ನಾಗಿ ಮಾಡಲಾರೆ ಅನ್ನುವ ಭಯ.

ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸಿ. "ನನಗೆ ಯಾವ ವರ ಇದೆ?" ಅನ್ನುವ ಬದಲು "ನನ್ನ ಪಕ್ಕದಲ್ಲಿ ಯಾರಿಗೆ ಕೊರತೆ ಇದೆ?" ಅಂತ ಕೇಳಿ. ತಬಿಥಾ ನೋಡಿದ್ದು ಬಟ್ಟೆಯಿಲ್ಲದ ವಿಧವೆಯರನ್ನು. 1 ಪೇತ್ರ 4:10 ಹೇಳುವುದೂ ಇದನ್ನೇ. ನಾವು ಹೊಂದಿದ ಕೃಪಾವರ ಒಬ್ಬರಿಗೊಬ್ಬರು ಸೇವೆ ಮಾಡೋದಕ್ಕೆ.

ವಾರದಲ್ಲಿ ಐದು ದಿನ ನಿಮ್ಮ ಬುದ್ಧಿ ಕಂಪನಿಗೆ ಹೋಗುತ್ತದೆ. ಅಲ್ಲಿಯೂ ಪ್ರಾಮಾಣಿಕವಾಗಿ ದುಡಿಯಿರಿ, ಅದೂ ಕರ್ತನಿಗೇ. ಆದರೆ ಅದೇ ಬುದ್ಧಿ ಬೇಕಾಗಿರುವವರು ನಮ್ಮ ಸಭೆಯಲ್ಲೇ ಇದ್ದಾರೆ. ಪಿಎಫ್ ಹಣ ಆನ್‌ಲೈನಲ್ಲಿ ತೆಗೆಯೋಕೆ ಗೊತ್ತಾಗದ ಅಂಕಲ್ ಇದ್ದಾರೆ. ಎಸ್ಸೆಸ್ಸೆಲ್ಸಿ ಗಣಿತಕ್ಕೆ ಟ್ಯೂಷನ್ ಫೀಸು ಕಟ್ಟಲಾಗದ ಮಗು ಇದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದು ಅರ್ಥವಾಗದೆ ಒಬ್ಬರೇ ಕೂತ ಆಂಟಿ ಇದ್ದಾರೆ. ಅವರ ಪಕ್ಕ ಕೂತು ನಿಧಾನವಾಗಿ ಬಿಡಿಸಿ ಹೇಳುವ ತಾಳ್ಮೆ ನಿನಗಿದೆಯಾ? ತಂಗಿ, ಅದು ವರ. ಬಳಸಮ್ಮ.

ಹಾಡುವವರು ಹಾಡಿ, ಪ್ರವಾದಿಸುವವರು ಪ್ರವಾದಿಸಿ. ಆದರೆ ಪ್ರೀತಿ ಇಲ್ಲದಿದ್ದರೆ ಎಲ್ಲವೂ ಬರೀ ಸದ್ದು. ಎಲ್ಲವನ್ನೂ ಒಬ್ಬರೇ ಹೊತ್ತುಕೊಂಡು ಸುಸ್ತಾಗಲೂ ಬೇಡಿ. ದೇಹಕ್ಕೆ ಅಂಗಗಳು ಅನೇಕ.

ಈ ವಾರ ಒಂದು ಕೆಲಸ ಮಾಡಿ. ಒಬ್ಬರ ಹೆಸರು ಬರೆದುಕೊಳ್ಳಿ, ಅವರಿಗಾಗಿ ಪ್ರಾರ್ಥಿಸಿ, ಆಮೇಲೆ ಒಂದು ಗಂಟೆ ಅವರಿಗೆ ಕೊಡಿ. ನಾಳೆ ನಾವು ಇಲ್ಲದಿರುವಾಗ ಜನ ನಮ್ಮ ಬಗ್ಗೆ ಏನು ತೋರಿಸುತ್ತಾರೆ? ನಮ್ಮ ಫೋಟೋಗಳನ್ನೋ, ಅಥವಾ ನಾವು ಅವರಿಗೆ ಹೊದಿಸಿದ್ದನ್ನೋ?

ಪ್ರಾರ್ಥಿಸೋಣ. ಕರ್ತನೇ, ಭಯದಿಂದ ಹೂತಿಟ್ಟದ್ದನ್ನು ಹೊರತೆಗೆಯಲು ನಮಗೆ ಧೈರ್ಯ ಕೊಡು. ನಮ್ಮ ಕೈಗಳನ್ನು ನಿನ್ನ ಆತ್ಮದಿಂದ ತುಂಬಿಸು. ಯೇಸುವಿನ ನಾಮದಲ್ಲಿ, ಆಮೆನ್.