ನನ್ನ ಹಾಡಿಗೆ ನನ್ನದೇ ಅಂಕಿತ

ನಾನು ಹೆರಿಗೆ ವಾರ್ಡಿನ ನರ್ಸ್. ನನಗೆ ಮಕ್ಕಳಿಲ್ಲ. ಈ ಎರಡು ಮಾತುಗಳನ್ನು ಒಟ್ಟಿಗೆ ಹೇಳುವ ಬಲ ನನಗೆ ಬಂದದ್ದು ಕವಿತೆಯಿಂದ. ಮೊದಲೆಲ್ಲ ಒಂದನ್ನು ಹೇಳುವಾಗ ಇನ್ನೊಂದನ್ನು ನುಂಗಿಕೊಳ್ಳುತ್ತಿದ್ದೆ.

ಧಾರವಾಡ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ. ಹುಟ್ಟಿದ ಕೂಸನ್ನು ತಡಮಾಡದೆ ಒಣ ಬಟ್ಟೆಯಲ್ಲಿ ಒರೆಸಬೇಕು, ಅದರ ಅಳು ಕೇಳಿಸಿಕೊಳ್ಳಬೇಕು, ತಾಯಿಯ ಎದೆಯ ಮೇಲೆ ಮಲಗಿಸಬೇಕು, ಹೊಕ್ಕುಳಬಳ್ಳಿಗೆ ಕ್ಲಾಂಪ್ ಹಾಕಬೇಕು, ತೂಕ ನೋಡಿ ಬರೆಯಬೇಕು, ಗುರುತಿನ ಪಟ್ಟಿ ಕಟ್ಟಬೇಕು. ಇಷ್ಟೆಲ್ಲ ಮಾಡಿ ಮನೆಗೆ ಬಂದರೆ ನಮ್ಮ ಓಣಿಯ ತೊಟ್ಟಿಲ ಕಾರ್ಯಕ್ಕೆ ನನಗೆ ಕರೆ ಇರುತ್ತಿರಲಿಲ್ಲ. ಅಪ್ಪಿತಪ್ಪಿ ಹೋದರೂ ಕೂಸನ್ನು ನನ್ನ ಉಡಿಗೆ ಕೊಡುವಾಗ ಯಾರಾದರೊಬ್ಬರು ನಡುವೆ ಕೈ ಚಾಚಿ ಇಸಿದುಕೊಳ್ಳುತ್ತಿದ್ದರು. ಯಾರೂ ಬಾಯಿ ಬಿಟ್ಟು ಏನನ್ನೂ ಅನ್ನುತ್ತಿರಲಿಲ್ಲ. ಅನ್ನದೇ ಇದ್ದದ್ದು ಹೆಚ್ಚು ನೋಯಿಸುತ್ತಿತ್ತು. ಆ ನೋವಿಗೆ ಮಾತು ಕೊಡುತ್ತಾ ಕೊಡುತ್ತಾ ನಾನು ಕಲಿತದ್ದನ್ನು, ಕದ್ದು ಬರೆಯುವ ನನ್ನಂಥವರ ಸಲುವಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಬೀಸುಕಲ್ಲಿನ ಮುಂದೆ ಕೇಳಿದ್ದು

ನನ್ನ ತವರು ವಿಜಯಪುರ ಜಿಲ್ಲೆಯ ಇಂಡಿಯ ಕಡೆ. ಹಲಸಂಗಿ ನಮ್ಮೂರಿಗೆ ದೂರವಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ, ಈ ಹಲಸಂಗಿ ಗೆಳೆಯರು ಆ ಸೀಮೆಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಪದಗಳನ್ನು ಕೂಡಿಸಿದರು; 1931ರಲ್ಲಿ ‘ಗರತಿಯ ಹಾಡು’ ಅಚ್ಚಾಗಿ ಬಂತು. ಆ ಪುಸ್ತಕ ನನ್ನ ಕೈ ಸೇರುವ ಎಷ್ಟೋ ಮೊದಲೇ ಅಂಥ ಪದಗಳು ನಮ್ಮ ಆಯಿಯ ಬಾಯಿಂದ ನನ್ನ ಕಿವಿ ಸೇರಿದ್ದವು. ಕೋಳಿ ಕೂಗುವ ಹೊತ್ತಿಗೆ ಎದ್ದು ಜೋಳ ಬೀಸುತ್ತ ತವರನ್ನು, ಅಣ್ಣನನ್ನು, ತೊಟ್ಟಿಲ ಕಂದನನ್ನು ಆಯಿ ಹಾಡಿಕೊಳ್ಳುತ್ತಿದ್ದಳು. ಮಕ್ಕಳಿಲ್ಲದವಳ ಸಂಕಟದ ಪದಗಳೂ ಅದರಲ್ಲಿದ್ದವು.

ಮದುವೆಯಾಗಿ ವರ್ಷಗಳು ಕಳೆದ ಮೇಲೆ ಆ ಪದಗಳೇ ನನ್ನನ್ನು ಚುಚ್ಚತೊಡಗಿದವು. ಆಯಿ ಹಾಡಿದ್ದರಲ್ಲಿ ಬಂಜೆಯಾದವಳು ದೇವರ ಮುಂದೆ ಸೆರಗೊಡ್ಡಿ ನಿಂತೇ ಇರುತ್ತಾಳೆ. ಕಂದನ ಹೊರತು ಅವಳಿಗೆ ಬೇರೆ ಬದುಕಿಲ್ಲ. ನನ್ನ ಬದುಕು ಅಷ್ಟೇ ಆಗಿರಲಿಲ್ಲ. ನನಗೊಂದು ಕೆಲಸವಿತ್ತು, ಆ ಕೆಲಸದಲ್ಲಿ ಹೆಸರಿತ್ತು, ಸಂಜೆ ಅಂಗಳದಲ್ಲಿ ಕುಳಿತು ಕುಡಿಯುವ ಚಹಾದ ಸುಖವಿತ್ತು. ಇಂಥವಳ ಹಾಡನ್ನು ನಾನೆಲ್ಲೂ ಕೇಳಿರಲಿಲ್ಲ. ಆಯಿಯಂಥ ಹೆಣ್ಣುಮಕ್ಕಳು ಯಾರ ಅಪ್ಪಣೆಯನ್ನೂ ಕೇಳದೆ ತಮ್ಮ ಬಾಳನ್ನು ತಾವೇ ಹಾಡಿಕೊಂಡಿದ್ದರು. ನನ್ನದನ್ನು ನಾನೇ ಹಾಡಿಕೊಳ್ಳಬೇಕೆಂಬ ಬುದ್ಧಿ ಹುಟ್ಟಿದ್ದು ಅಲ್ಲಿಂದ.

ಕಂಡದ್ದನ್ನು ಕಂಡ ಹಾಗೆ

ವಾರ್ಡಿನ ರಿಪೋರ್ಟ್ ಪುಸ್ತಕದಲ್ಲಿ ಎಲ್ಲದಕ್ಕೂ ಜಾಗವಿದೆ. ಯಾವ ಬೆಡ್ಡಿನ ಬಾಣಂತಿಗೆ ಬಿ.ಪಿ. ಎಷ್ಟು, ಸಲೈನ್ ಎಷ್ಟು ಹೋಗಿದೆ, ಕೂಸು ಹಾಲು ಕುಡಿಯಿತೋ ಇಲ್ಲವೋ, ಎಲ್ಲವನ್ನೂ ಮುಂದಿನ ಪಾಳಿಯವರಿಗೆ ಬರೆದಿಡಬೇಕು. ಅಲ್ಲಿ ಅಂದಾಜಿನ ಮಾತು ನಡೆಯುವುದಿಲ್ಲ. ‘ತುಸು ಜ್ವರ’ ಎಂದು ಬರೆದರೆ ಡಾಕ್ಟರರಿಗೆ ಏನೂ ತಿಳಿಯದು. ನೈಟ್ ಡ್ಯೂಟಿಯಲ್ಲಿ ವಾರ್ಡೆಲ್ಲ ಮಲಗಿದ ಮೇಲೆ ಪಕ್ಕದಲ್ಲಿ ಇನ್ನೊಂದು ನೋಟುಬುಕ್ಕು ತೆರೆದು ನನ್ನ ಬಗ್ಗೆಯೂ ಹಾಗೇ ಬರೆಯತೊಡಗಿದೆ. ‘ದುಃಖ’ ಎಂದು ಬರೆಯುವ ಬದಲು ಆ ದಿನ ನನ್ನ ಕೈ ಏನನ್ನು ಮುಟ್ಟಿತು ಎಂದು ಬರೆದೆ. ಕೂಸನ್ನು ಒರೆಸಿದ ಬಟ್ಟೆಯ ಬಿಸಿ, ಎರಡೂವರೆ ಕೆ.ಜಿ.ಗೆ ಮುಟ್ಟದ ಕೂಸನ್ನು ತಕ್ಕಡಿಯಿಂದ ಎತ್ತುವಾಗ ಬೆರಳಿಗೆ ಆಗುವ ಹೆದರಿಕೆ, ಡಿಸ್ಚಾರ್ಜ್ ಆದವರು ಬಿಟ್ಟು ಹೋದ ಕುಂಚಿಗೆ.

ರೋಗಿಯ ನಾಡಿ ಹಿಡಿದು ಗಡಿಯಾರ ನೋಡುವಷ್ಟೇ ಸಮಾಧಾನದಿಂದ ನನ್ನ ಮನಸ್ಸನ್ನು ನೋಡುವುದು ಹೀಗೆ ರೂಢಿಯಾಯಿತು. ತನ್ನನ್ನು ತಾನು ಪ್ರೀತಿಸುವುದೆಂದರೆ ಏನೆಂದು ನನಗೆ ತಿಳಿದದ್ದೂ ಆಗಲೇ. ಕನ್ನಡಿಯ ಮುಂದೆ ನಿಂತು ‘ನೀನು ಚೆನ್ನಾಗಿದ್ದೀ’ ಎಂದು ಹೇಳಿಕೊಂಡದ್ದರಿಂದ ನನಗೆ ಆ ಪ್ರೀತಿ ಬರಲಿಲ್ಲ. ನನ್ನ ಒಂದು ದಿನವನ್ನು ಸರಿಯಾದ ಮಾತು ಸಿಗುವವರೆಗೆ ಕಾದು ಬರೆದಾಗ, ಈ ದಿನಕ್ಕೆ ಇಷ್ಟು ಬೆಲೆಯಿದೆ ಎಂದು ನನಗೆ ನಾನೇ ಒಪ್ಪಿಕೊಂಡಂತಾಯಿತು. ಹಾಗೆ ಬರೆದ ದಿನಗಳು ಹೆಚ್ಚಿದಂತೆ ಬದುಕಿನ ಮೇಲೂ ಪ್ರೀತಿ ಬೆಳೆಯಿತು.

ಬೇಂದ್ರೆಯವರು ಈ ದಾರಿಯಲ್ಲಿ ನನಗೆ ದೊಡ್ಡ ಧೈರ್ಯ. ಮಕ್ಕಳನ್ನು ಮಣ್ಣಿಗಿಟ್ಟ ತಂದೆ ಅವರು. ಆ ಸಂಕಟವನ್ನು ಧಾರವಾಡದ ಮನೆಮಾತಿನಲ್ಲೇ ಕವಿತೆಯಾಗಿಸಿದರು. ತಮ್ಮ ದಾಂಪತ್ಯದ ಕಷ್ಟಸುಖವನ್ನೇ ‘ಸಖೀಗೀತ’ವಾಗಿ ಹಾಡಿದರು. ಅವರನ್ನು ಓದಿದ ಮೇಲೆ ನನ್ನ ಅಡುಗೆಮನೆಯ ಮಾತು, ವಾರ್ಡಿನ ಮಾತು ಕವಿತೆಗೆ ಸಲ್ಲುತ್ತದೋ ಇಲ್ಲವೋ ಎಂಬ ಅಳುಕು ಹೋಯಿತು.

ಮೂರನೆಯ ಸಾಲು ಕಲಿಸಿದ್ದು

ಸಂಕಟವನ್ನು ಸುಮ್ಮನೆ ಬರೆಯುತ್ತ ಹೋದರೆ ಅದಕ್ಕೆ ತುದಿಯಿರುವುದಿಲ್ಲ. ನನಗೆ ತುದಿ ತೋರಿಸಿದ್ದು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು 1300 ವರ್ಷಗಳ ಹಿಂದೆಯೇ, ತ್ರಿಪದಿಗಳನ್ನು ಬಂಡೆಗಲ್ಲಿನ ಮೇಲೆ ಕೊರೆದಿದ್ದಾರೆ. ಸರ್ವಜ್ಞ ಹಿಡಿದದ್ದು ಅದನ್ನೇ, ನಮ್ಮ ಆಯಿ ಬೀಸುಕಲ್ಲಿನ ಗೂಟದೊಡನೆ ಹಿಡಿದದ್ದೂ ಅದನ್ನೇ. ಒಟ್ಟು 11 ಗಣಗಳು: ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು, ಮೂರನೆಯದಕ್ಕೆ ಮೂರು. 6ನೆಯದು ಮತ್ತು 10ನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಹಾಡುವಾಗ ಎರಡನೆಯ ಸಾಲು ಇನ್ನೊಮ್ಮೆ ಮರಳಿ ಬರುತ್ತದೆ.

ಬೆರಳೆಣಿಸುತ್ತ ಗಣ ಕೂಡಿಸುವಾಗ ಉಸಿರು ತಾನಾಗಿ ನಿಧಾನವಾಗುತ್ತಿತ್ತು. ಅಳು ಬರುವಂಥ ಮಾತೂ ಆ ಲೆಕ್ಕದೊಳಗೆ ಕೂತು ಹಾಡಾಗುತ್ತಿತ್ತು. ಹೇಳಬೇಕೆಂದದ್ದು ಎಂದೂ ಮೂರು ಸಾಲಿನಲ್ಲಿ ಪೂರ್ತಿ ಹಿಡಿಯುತ್ತಿರಲಿಲ್ಲ. ಕೊನೆಯ ಸಾಲು ಚಿಕ್ಕದು. ಅದು ಬಂತೆಂದರೆ ನಿಲ್ಲಿಸಲೇಬೇಕು. ಬಿಟ್ಟದ್ದು ಬಿಟ್ಟಂತೆಯೇ ಇರಲಿ ಎಂದು ಎದ್ದು ಹೋಗಿ ಬೆಡ್ಡುಗಳ ಕಡೆ ಒಂದು ಸುತ್ತು ಹಾಕಿ ಬರುತ್ತಿದ್ದೆ. ಎಲ್ಲ ನೋವನ್ನೂ ಒಂದೇ ರಾತ್ರಿ ಬಗೆಹರಿಸಬೇಕಿಲ್ಲ, ಇವತ್ತಿನ ಪಾಲನ್ನು ಸರಿಯಾಗಿ ಹೇಳಿದರೆ ಸಾಕು ಎಂಬ ವಿವೇಕ ನನಗೆ ಸಿಕ್ಕಿದ್ದು ಯಾವ ಪ್ರವಚನದಿಂದಲೂ ಅಲ್ಲ, ಈ ಚಿಕ್ಕ ಸಾಲಿನಿಂದ.

ಅತ್ತೆಯ ಮುಂದೆ ಓದಿದ ರಾತ್ರಿ

ನೋಟುಬುಕ್ಕು ಬಹಳ ಕಾಲ ಟ್ರಂಕಿನಲ್ಲೇ ಇತ್ತು. ಅದನ್ನು ಮೊದಲು ಕೇಳಿದವರು ನಮ್ಮ ಅತ್ತೆ. ಒಂದು ಮಳೆಗಾಲದ ರಾತ್ರಿ ಕರೆಂಟು ಹೋಗಿತ್ತು. ನಮ್ಮನೆಯವರು ಊರಲ್ಲಿರಲಿಲ್ಲ. “ಏನ ಬರೀತಿಯವ್ವಾ ಯಾವಾಗ್ಲೂ? ನನಗೂ ಒಂದೀಟು ಓದಿ ಹೇಳು” ಅಂದರು. ಓದಿದೆ. ಅದು ಹರಕೆಯ ಕವಿತೆ. ಅತ್ತೆಯ ಜೊತೆ ಹತ್ತಿದ ಗುಡ್ಡಗಳು, ಮರಕ್ಕೆ ಕಟ್ಟಿದ ಬಟ್ಟೆಯ ತೊಟ್ಟಿಲುಗಳು, ಉಪವಾಸದ ಸೋಮವಾರಗಳು, ಮರುದಿನ ಅದೇ ಬಳಲಿದ ಕಾಲಲ್ಲಿ ಡ್ಯೂಟಿಗೆ ನಿಂತದ್ದು, ಎಲ್ಲ ಅದರಲ್ಲಿತ್ತು.

ಓದಿ ಮುಗಿಸಿದಾಗ ಅತ್ತೆ ಸಿಟ್ಟಾಗುತ್ತಾರೆಂದುಕೊಂಡಿದ್ದೆ. “ಗುಡ್ಡಾ ಹತ್ತೂ ಮುಂದ ನಿನಗಿಷ್ಟು ಕಾಲು ನೋಯ್ತಿದ್ವು ಅಂತ ನನಗ್ಯಾಕ ಹೇಳಲಿಲ್ಲ?” ಎಂದು ಕೇಳಿದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, ನಮ್ಮನೆಯವರಿಗಿಂತ ಮೊದಲು ತಮಗೊಂದು ಹೆಣ್ಣು ಕೂಸು ಹುಟ್ಟಿತ್ತು, ಹೆಸರಿಡುವ ಮೊದಲೇ ಹೋಯಿತು ಎಂದು ಹೇಳಿದರು. ಆ ಮನೆಯಲ್ಲಿ ಅಷ್ಟು ವರ್ಷ ಇದ್ದರೂ ಆ ಮಾತನ್ನು ನಾನು ಕೇಳಿರಲಿಲ್ಲ. ಅವರು ನನ್ನನ್ನು ಗುಡಿಯಿಂದ ಗುಡಿಗೆ ಕರೆದೊಯ್ದದ್ದರ ಹಿಂದೆ ಎಂಥ ಭಯ, ಎಂಥ ಹಂಬಲ ಇತ್ತೆಂದು ಅವತ್ತು ಅರಿವಾಯಿತು. ನನ್ನ ನೋವನ್ನು ಹೇಳಿಕೊಳ್ಳಲು ಬರೆದ ಸಾಲುಗಳು ಅವರ ನೋವಿಗೆ ಬಾಗಿಲಾದವು. ಕವಿತೆಯನ್ನು ಹಂಚಿಕೊಳ್ಳುವುದೆಂದರೆ ಚಪ್ಪಾಳೆ ಪಡೆಯುವುದಲ್ಲ, ಕೇಳಿದವರ ಮಾತಿಗೂ ಜಾಗ ಬಿಡುವುದು ಎಂಬುದನ್ನು ಅಂದಿನಿಂದ ನಾನು ಮರೆತಿಲ್ಲ.

ಹೆಸರು ಹಚ್ಚಿದ್ದು

ನಮ್ಮೂರ ಯುಗಾದಿ ಕವಿಗೋಷ್ಠಿಗೆ ಹೆಸರು ಕೊಡುವಾಗ ಒಂದು ಕಾವ್ಯನಾಮ ಇಟ್ಟುಕೊಂಡುಬಿಡೋಣ ಎಂಬ ಆಸೆ ಬಲವಾಗಿತ್ತು. ಆಗ ಬೆನ್ನಿಗೆ ನಿಂತವರು 12ನೆಯ ಶತಮಾನದ ಶರಣೆಯರು. ಅರಸೊತ್ತಿಗೆಯನ್ನು ಬಿಟ್ಟು ನಡೆದ ಅಕ್ಕಮಹಾದೇವಿ ತನ್ನ ವಚನಗಳಿಗೆ ಚೆನ್ನಮಲ್ಲಿಕಾರ್ಜುನನ ಅಂಕಿತವಿಟ್ಟಳು. ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬಾ ಎಂದು ಗಂಡನಿಗೇ ತಿಳಿಹೇಳಿದ ಆಯ್ದಕ್ಕಿ ಲಕ್ಕಮ್ಮನಿಗೆ ತನ್ನದೇ ಅಂಕಿತವಿತ್ತು. ಸೂಳೆ ಸಂಕವ್ವೆಯದೆಂದು ನಮಗೆ ಸಿಕ್ಕಿರುವುದು ಒಂದೇ ವಚನ. ನಿರ್ಲಜ್ಜೇಶ್ವರ ಎಂಬ ಅಂಕಿತ ಹೊತ್ತು ಅದು ಇವತ್ತಿಗೂ ಉಳಿದಿದೆ. ಊರು ಯಾವ ಹೆಸರಿಟ್ಟು ಕರೆಯಿತೋ ಆ ಹೆಸರಿನ ಹೆಣ್ಣೂ ತನ್ನ ಮಾತಿಗೆ ತಾನೇ ಹೊಣೆ ಹೊತ್ತಳು. ಅವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನನ್ನದೆಂದು ಹೇಳುತ್ತಿಲ್ಲ. ಅವರು ಹಾಕಿಕೊಟ್ಟ ದಾರಿಯಲ್ಲಿ ಮರೆಮಾಚಿಕೊಂಡು ನಡೆಯಬಾರದು ಎನ್ನಿಸಿತು. ನನ್ನ ಹೆಸರನ್ನೇ ಬರೆದುಕೊಟ್ಟೆ.

ಓದುವಾಗ ಧ್ವನಿ ನಡುಗಿತು, ಆದರೆ ಮಾತು ತಪ್ಪಲಿಲ್ಲ. ಕೆಳಗಿಳಿದ ಮೇಲೆ ಮದುವೆಯಾಗದ ಒಬ್ಬ ಟೀಚರು ಬಂದು ಕೈ ಹಿಡಿದುಕೊಂಡರು. ಮೂರು ಮಕ್ಕಳ ತಾಯಿಯೊಬ್ಬರು “ಇದು ನನ್ನದೂ ಹೌದ್ರೀ” ಅಂದರು. ಮಕ್ಕಳಿದ್ದವರಿಗೆ ಇದು ಹೇಗೆ ತಟ್ಟಿತೆಂದು ಕೇಳಿದೆ. ಗಂಡು ಬೇಕೆಂದು ಮನೆಯವರು ಕಾದದ್ದನ್ನು, ಪ್ರತಿ ಹೆರಿಗೆಯಲ್ಲೂ ತಾವು ಕುಗ್ಗಿದ್ದನ್ನು ಅವರು ಹೇಳಿದರು. ನನ್ನನ್ನು ಒಬ್ಬಂಟಿ ಮಾಡಿದೆ ಎಂದು ನಾನು ತಿಳಿದಿದ್ದ ಸಂಗತಿಯೇ ಇಷ್ಟು ಮಂದಿಯ ಜೊತೆ ನನ್ನನ್ನು ಕೂಡಿಸಿತು.

ಕೂಟ, ಮತ್ತು ಒಂದು ಕೆಲಸ

1922ರಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿತು. ಕವಿತೆ ಹೊಸದಾಗಿ ಹುಟ್ಟುತ್ತಿದ್ದ ಆ ಕಾಲದಲ್ಲಿ ಕವಿಗಳಿಗೂ ಕೇಳುವವರ ಸಂಗ ಬೇಕಾಗಿತ್ತು. ಅಂಥ ಸಂಗಕ್ಕಾಗಿಯೇ ನಾವು ಕೆಲವರು ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ವಾಚನಾಲಯದ ಒಂದು ಕೋಣೆಯಲ್ಲಿ ಸೇರುತ್ತೇವೆ. ಒಬ್ಬರು ಓದಬೇಕು, ಉಳಿದವರು ತುಸು ಹೊತ್ತು ಸುಮ್ಮನಿದ್ದು, ತಮ್ಮ ಮನಸ್ಸಿನಲ್ಲಿ ಉಳಿದ ಸಾಲು ಯಾವುದೆಂದು ಹೇಳಬೇಕು. ಹೊಗಳಿಕೆಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾರ ಮನಸ್ಸಿನಲ್ಲೂ ಉಳಿಯದ ಸಾಲನ್ನು ಬರೆದವರೇ ಮನೆಗೆ ಹೋಗಿ ತೆಗೆಯುತ್ತಾರೆ. ಒಬ್ಬರ ಗುಟ್ಟು ಆ ಕೋಣೆಯಿಂದ ಹೊರಗೆ ಹೋಗಬಾರದೆಂಬುದು ಇನ್ನೊಂದು ಕಟ್ಟು.

ವಾರ್ಡಿನಲ್ಲೂ ನನ್ನ ಕಿವಿ ಬೇರೆಯಾಯಿತು. ಮಗಳ ಬಾಣಂತನಕ್ಕೆ ಬಂದ ಹಳ್ಳಿಯ ಮುದುಕಿಯರು ರಾತ್ರಿ ಕೂಸಿಗೆ ಜೋಗುಳ ಹಾಡುತ್ತಾರೆ. ಈಗ ಅವರ ಅನುಮತಿ ಕೇಳಿ ಆ ಪದಗಳನ್ನು ಬರೆದುಕೊಳ್ಳುತ್ತೇನೆ. ಬರೆದದ್ದನ್ನು ಅವರಿಗೇ ಓದಿ ತೋರಿಸಿದಾಗ “ಬಾಯಾರ, ನನ್ನ ಹಾಡೂ ಬರಿಯೋವಂಥಾದ್ದ?” ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೌದೆನ್ನುವುದೇ ನನ್ನ ಕೆಲಸ ಎಂದು ನಾನು ತೀರ್ಮಾನಿಸಿಕೊಂಡಿದ್ದೇನೆ. ಬದುಕಿಗೊಂದು ಗುರಿ ಬೇಕೆಂದು ಹುಡುಕುತ್ತಿದ್ದಾಗ ಅದು ಸಿಕ್ಕಿರಲಿಲ್ಲ. ಬರೆಯುವುದರ ಜೊತೆಗೆ ಕೇಳುವುದನ್ನು ಕಲಿತ ಮೇಲೆ ಅದು ಕೈಯೊಳಗೇ ಇತ್ತು.

ನರ್ಸಾಗಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಕವಿತೆ ಔಷಧವಲ್ಲ. ಹೆರಿಗೆಯಾದ ಮೇಲೆ ಕೆಲವು ಬಾಣಂತಿಯರು ನಿದ್ದೆ ಕಳೆದುಕೊಳ್ಳುತ್ತಾರೆ, ಕೂಸನ್ನು ನೋಡಲೊಲ್ಲೆ ಎನ್ನುತ್ತಾರೆ, ಬದುಕೇ ಸಾಕೆನ್ನುತ್ತಾರೆ. ಅಂಥವರಿಗೆ ನೋಟುಬುಕ್ಕು ಕೊಟ್ಟು ಕೂರಿಸಬಾರದು, ಡಾಕ್ಟರರ ಹತ್ತಿರ ಕರೆದೊಯ್ಯಬೇಕು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಆರೈಕೆಯ ಜೊತೆಗೆ ಕವಿತೆಯಿದ್ದರೆ ಒಳ್ಳೆಯದು. ಆರೈಕೆಯ ಜಾಗವನ್ನು ಅದು ತುಂಬಲಾರದು.

ಟ್ರಂಕಿನಲ್ಲಿ, ಹಾಸಿಗೆಯಡಿಯಲ್ಲಿ, ಮೊಬೈಲಿನ ಮೂಲೆಯಲ್ಲಿ ಕವಿತೆ ಮುಚ್ಚಿಟ್ಟುಕೊಂಡಿರುವ ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ನನ್ನದೊಂದು ಕೇಳಿಕೆ. ಪುಸ್ತಕವಾಗಲಿ ಎಂದು ಕಾಯಬೇಡಿ, ಬಹುಮಾನ ಬರಲಿ ಎಂದೂ ಕಾಯಬೇಡಿ. ನಿಮ್ಮ ಮಾತನ್ನು ತಾಳ್ಮೆಯಿಂದ ಕೇಳುವ ಒಬ್ಬರನ್ನು ಹುಡುಕಿ, ಒಂದು ಕವಿತೆ ಓದಿ. ಓದಿದ ಮೇಲೆ ಅವರ ಮಾತನ್ನೂ ಅಷ್ಟೇ ತಾಳ್ಮೆಯಿಂದ ಕೇಳಿ. ನಿಮ್ಮ ಕವಿತೆಯ ಕೆಳಗೆ ನಿಮ್ಮ ಹೆಸರನ್ನು ನೀವೇ ಬರೆಯಿರಿ. ಊರು ನಮ್ಮನ್ನು ಏನೆಂದು ಕರೆಯುತ್ತದೋ ಅದನ್ನು ನಾವು ತಡೆಯಲಾರೆವು. ನಾವು ಯಾರೆಂದು ಹೇಳುವ ಹಕ್ಕು ಮಾತ್ರ ನಮ್ಮದು, ಅದನ್ನು ಯಾರ ಕೈಗೂ ಬಿಟ್ಟುಕೊಡಬೇಡಿ.